ವಿಜ್ಞಾನ ಕಥೆ ಬರೆದಾಯ್ತು, ಕಳಿಸುವುದೆಲ್ಲಿಗೆ?

ಶಿರೂರಿನಲ್ಲಿದ್ದೇನೆ ಎಂದರೆ ಊರ ಕಡೆಯವರು "ಅಂಕೋಲೆಯ ಶಿರೂರಾ, ಬೈಂದೂರು ಹತ್ತಿರದ್ದಾ, ಬಾಗಲಕೋಟೆಯದ್ದಾ?" ಎಂದು ಕೇಳುತ್ತಾರೆ. ನನ್ನದು ಅದ್ಯಾವುದೂ ಅಲ್ಲ. ಪುಣೆಯಿಂದ ಅಹಿಲ್ಯಾನಗರಕ್ಕೆ (ನಮ್ಮ ಬಾಯಲ್ಲಿ ಇನ್ನೂ ಅಹಮದ್‌ನಗರ) ಹೋಗುವ ಹೆದ್ದಾರಿಯಲ್ಲಿ, ಪುಣೆಯಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ, ಘೋಡ ನದಿಯ ದಂಡೆಯ ಮೇಲಿರುವ ತಾಲ್ಲೂಕು ಕೇಂದ್ರ. ಪಕ್ಕದಲ್ಲೇ ರಾಂಜಣಗಾಂವ್. ಭಕ್ತರಿಗೆ ಅದು ಅಷ್ಟವಿನಾಯಕರಲ್ಲಿ ಒಬ್ಬನ ಊರು. ನನ್ನಂಥವರಿಗೆ ಕೈಗಾರಿಕಾ ವಸಾಹತು, ಹೊಟ್ಟೆಪಾಡು. ಅಲ್ಲಿನ ಒಂದು ಕಾರ್ಖಾನೆಯ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಶಿಫ್ಟ್ ಮುಗಿದ ಮೇಲೆ ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುವುದು ನನ್ನ ಚಟ.

ಕಥೆಗೆ ಬೇಕಾದ ಸಾಮಗ್ರಿಗೆ ಇಲ್ಲಿ ಬರವಿಲ್ಲ. ಹೊಳೆ ದಾಟಿ ಸ್ವಲ್ಪ ದೂರ ಹೋದರೆ ನಿಘೋಜ್. ಅಲ್ಲಿ ಕುಕಡಿ ನದಿ ಬಸಾಲ್ಟ್ ಬಂಡೆಯಲ್ಲಿ ಕೊರೆದ ಗುಳಿಗಳ ನಡುವೆ ನಿಂತರೆ ಬೇರೆ ಗ್ರಹಕ್ಕೆ ಬಂದು ಇಳಿದಂತೆ ಅನಿಸುತ್ತದೆ. ಇದೇ ಜಿಲ್ಲೆಯ ಜುನ್ನರ ತಾಲ್ಲೂಕಿನ ಖೋಡದದಲ್ಲಿ 45 ಮೀಟರ್ ಅಗಲದ 30 ಡಿಶ್ ಆಂಟೆನಾಗಳ ರೇಡಿಯೋ ದೂರದರ್ಶಕ ಆಕಾಶಕ್ಕೆ ಕಿವಿಗೊಟ್ಟು ಕೂತಿದೆ. ಇನ್ನು ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕಿ ಬೆಳೆಸುತ್ತವೆ. ಎಷ್ಟೋ ಚಿರತೆಗಳಿಗೆ ಕಬ್ಬೇ ಕಾಡು. ಇಷ್ಟೆಲ್ಲ ಇರುವ ಕಡೆ ವಿಜ್ಞಾನ ಕಥೆ ಹುಟ್ಟದಿದ್ದರೇ ಆಶ್ಚರ್ಯ.

ಆದರೆ ಬರೆದ ಕಥೆಯನ್ನು ಎಲ್ಲಿಗೆ ಕಳಿಸುವುದು? ನನಗೆ ತಿಳಿದ ಮೂರು ಊರುಗಳ ನಾಲ್ಕೈದು ಗೆಳೆಯರು ಇದೇ ಪ್ರಶ್ನೆ ಕೇಳುತ್ತಾರೆ. ಒಬ್ಬರು ಗುರುಗ್ರಾಮದಲ್ಲಿ ಡೇಟಾ ಕೆಲಸ, ಒಬ್ಬರು ಚೆನ್ನೈನಲ್ಲಿ ಚಿಪ್ ವಿನ್ಯಾಸ, ಉಳಿದವರು ಬೆಂಗಳೂರಿನಲ್ಲಿ. ಎಲ್ಲರ ಲ್ಯಾಪ್‌ಟಾಪಿನಲ್ಲೂ ಎರಡು ಮೂರು ಕನ್ನಡ ಕಥೆಗಳು ಧೂಳು ತಿನ್ನುತ್ತಿವೆ. ಅವರಿಗೆ ಹೇಳಿದ್ದನ್ನೇ ಒಂದು ಕಡೆ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ತೆರೆದದ್ದು ಸ್ಪರ್ಧೆಗಳೇ

ನಮ್ಮ ದೇಶದಲ್ಲಿ ವಿಜ್ಞಾನ ಕಥೆಯ ಚರಿತ್ರೆಗೂ ಕಥಾಸ್ಪರ್ಧೆಗೂ ಹಳೆಯ ನಂಟು. 1896ರಲ್ಲಿ ಕಲ್ಕತ್ತೆಯ ಸುಗಂಧದ್ರವ್ಯ ವ್ಯಾಪಾರಿ ಹೇಮೇಂದ್ರ ಮೋಹನ ಬೋಸ್ ತಮ್ಮ 'ಕುಂತಲೀನ್' ಕೇಶತೈಲದ ಹೆಸರಿನಲ್ಲಿ ಒಂದು ಕಥಾಸ್ಪರ್ಧೆ ಇಟ್ಟರು. ಕಥೆಯಲ್ಲಿ ಎಲ್ಲಾದರೂ ಆ ಎಣ್ಣೆ ಬರಬೇಕು, ಆದರೆ ಜಾಹೀರಾತಿನಂತೆ ಕಾಣಬಾರದು. ಮೊದಲ ಬಹುಮಾನ ಬಂದದ್ದು ಒಂದು ಚಂಡಮಾರುತದ ಕಥೆಗೆ. ಕಲ್ಕತ್ತೆಗೆ ಅಪ್ಪಳಿಸಬೇಕಿದ್ದ ಬಿರುಗಾಳಿ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಕಾರಣ ಹುಡುಕಿದರೆ, ಹಡಗಿನ ಪ್ರಯಾಣಿಕನೊಬ್ಬ ಸಮುದ್ರಕ್ಕೆ ಒಂದು ಬಾಟಲಿ ಕೇಶತೈಲ ಸುರಿದಿರುತ್ತಾನೆ. ನೀರಿನ ಮೇಲ್ಮೈ ಎಳೆತದ ವಿಜ್ಞಾನವನ್ನು ಹೀಗೆ ತಮಾಷೆಯಾಗಿ ಕಥೆಗೆ ಹಚ್ಚಿದವರು ಜಗದೀಶಚಂದ್ರ ಬೋಸ್. ಬಂಗಾಳಿಯ ಮೊಟ್ಟಮೊದಲ ವಿಜ್ಞಾನ ಕಥೆಗಳ ಸಾಲಿನಲ್ಲಿ ಇಂದಿಗೂ ಅದರ ಹೆಸರು ಬರುತ್ತದೆ.

ಎರಡನೆಯದು ನಮ್ಮ ಪುಣೆಗೆ ಸಂಬಂಧಪಟ್ಟದ್ದು. 1966ರಲ್ಲಿ ಸ್ಥಾಪನೆಯಾದ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥಾಸ್ಪರ್ಧೆಯನ್ನು ಶುರುಮಾಡಿತು. 1974ರಲ್ಲಿ ಅದಕ್ಕೆ 'ಕೃಷ್ಣ ವಿವರ' ಎಂಬ ಕಥೆ ಬಂತು. ಕಳಿಸಿದವರ ಹೆಸರು ನಾರಾಯಣ ವಿನಾಯಕ ಜಗತಾಪ. ಮೊದಲ ಬಹುಮಾನ ಅದಕ್ಕೇ. ಆಮೇಲೆ ಗೊತ್ತಾದದ್ದು, ಜಗತಾಪ ಎಂಬುವರು ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರಳೀಕರ್ ಅವರೇ ಎಂದು. ತಮ್ಮ ಇನಿಷಿಯಲ್‌ಗಳನ್ನು ತಿರುಗಿಸಿ ಹೆಸರು ಮಾಡಿಕೊಂಡಿದ್ದರು. ಕೈಬರಹದಿಂದ ಗುರುತು ಸಿಗದಿರಲಿ ಎಂದು ಹೆಂಡತಿ ಮಂಗಲಾ ಅವರಿಂದ ಪ್ರತಿ ಬರೆಸಿದ್ದರು. ಹೆಸರಿನ ಪ್ರಭಾವವಿಲ್ಲದೆ ಕಥೆ ತನ್ನ ಕಾಲ ಮೇಲೆ ನಿಲ್ಲುತ್ತದೋ ಇಲ್ಲವೋ ನೋಡಬೇಕಿತ್ತು ಅವರಿಗೆ. (ಆ ಶೀರ್ಷಿಕೆಯನ್ನು ನಾನು ಮೊದಲು ಓದಿದಾಗ ಶ್ರೀಕೃಷ್ಣನ ಬಗ್ಗೆ ಏನೋ ವಿವರ ಇರಬೇಕು ಅಂದುಕೊಂಡೆ. ಮರಾಠಿಯಲ್ಲಿ 'ವಿವರ' ಎಂದರೆ ಬಿಲ. ಕೃಷ್ಣ ವಿವರ ಎಂದರೆ ನಮ್ಮ ಕಪ್ಪುಕುಳಿ!)

ಮರುವರ್ಷವೇ, 1975ರ ಕರಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ದುರ್ಗಾ ಭಾಗವತ ಅವರು ಮರಾಠಿಯಲ್ಲಿ ಮೂಡುತ್ತಿದ್ದ ಈ ಹೊಸ ಪ್ರಕಾರವನ್ನು ಮೆಚ್ಚಿ ಪ್ರಸ್ತಾಪಿಸಿದರು. ನಾರಳೀಕರ್ ಮುಂದೆ ಪುಣೆಯಲ್ಲಿ ಅಯೂಕಾ ಸಂಸ್ಥೆಯನ್ನು ಕಟ್ಟಿದರು, ಜೊತೆಜೊತೆಗೆ ಕಥೆ ಕಾದಂಬರಿಗಳನ್ನೂ ಬರೆದರು. ಪಾಣಿಪತ್ ಯುದ್ಧದ ಫಲಿತಾಂಶ ಬೇರೆಯಾಗಿದ್ದರೆ ಎಂಬ ಎಳೆಯ ಅವರ ಕಥೆ 'ದಿ ಅಡ್ವೆಂಚರ್' ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಸೇರಿತು. 2021ರಲ್ಲಿ ನಾಶಿಕದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಶಿರೂರಿನ ಚಹಾದಂಗಡಿಯಲ್ಲೂ ಜನ ಅವರ ಕಥೆಗಳ ಮಾತಾಡುತ್ತಿದ್ದರು. ಅದು ವಿಜ್ಞಾನಿಗೆ ಸಿಕ್ಕ ಗೌರವವಷ್ಟೇ ಅಲ್ಲ, ಕಥೆಗಾರನಿಗೂ ಸಿಕ್ಕದ್ದು.

ನಮ್ಮ ಬಿಲ್ಡಿಂಗಿನ ಕೆಳಮನೆಯ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ, ನಾವು ಕಾಕಾ ಅನ್ನುತ್ತೇವೆ. ಪ್ರತಿ ದೀಪಾವಳಿಗೆ ಹತ್ತಾರು 'ದಿವಾಳಿ ಅಂಕ'ಗಳನ್ನು ತಂದು ಓದಿ, ಬೀದಿಯವರಿಗೆಲ್ಲ ಓದಲು ಕೊಡುತ್ತಾರೆ. 1909ರಲ್ಲಿ 'ಮನೋರಂಜನ' ಪತ್ರಿಕೆ ಶುರುಮಾಡಿದ ಸಂಪ್ರದಾಯವದು. ಅದರಲ್ಲಿ ವಿಜ್ಞಾನ ಕಥೆಗೂ ಗೂಢ ಕಥೆಗೂ ಪಾಲಿದೆ. ಅವರೇ ಒಮ್ಮೆ ನನ್ನನ್ನು ಕೇಳಿದರು: "ನಿಮ್ಮಲ್ಲಿ ಅಷ್ಟು ಜ್ಞಾನಪೀಠ ಇವೆ. ಬೆಂಗಳೂರಲ್ಲಿ ಇಸ್ರೋ ಇದೆ. ಮತ್ತೆ ನಿಮ್ಮ ವಿಜ್ಞಾನ ಕಥೆ ಎಲ್ಲಿ ಬರುತ್ತದೆ?"

'ಯಾರು ಬರೆಯುತ್ತಾರೆ' ಎಂದು ಕೇಳಿದ್ದರೆ ಹೇಳಲು ಹೆಸರುಗಳಿದ್ದವು. ರಾಜಶೇಖರ ಭೂಸನೂರಮಠರು ದಶಕಗಟ್ಟಲೆ ಬರೆದರು. 1993ರಲ್ಲಿ ಬಾಳ ಫೋಂಡಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ ತಂದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಭೂಸನೂರಮಠರ ಮತ್ತು ಸಂಜಯ ಹಾವನೂರರ ಕಥೆಗಳಿವೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರಿಗೆ ದೊಡ್ಡ ಓದುಗ ಬಳಗವೇ ಇದೆ. ತೇಜಸ್ವಿಯವರ 'ಕರ್ವಾಲೊ' ವಿಜ್ಞಾನದ ಕುತೂಹಲವನ್ನು ಕನ್ನಡಿಗರ ಮನೆಮಾತು ಮಾಡಿತು. ಆದರೆ ಕಾಕಾ ಕೇಳಿದ್ದು 'ಎಲ್ಲಿ' ಎಂದು. ಅದಕ್ಕೆ ಒಂದು ವಿಳಾಸ ಹೇಳಲು ನನ್ನಿಂದ ಆಗಲಿಲ್ಲ. ಸೈನ್ಸ್ ಫಿಕ್ಷನ್‌ಗೆಂದೇ ವರ್ಷವರ್ಷವೂ ತಪ್ಪದೆ ಕರೆ ಕೊಡುವ, ಎಲ್ಲರಿಗೂ ಗೊತ್ತಿರುವ ಒಂದು ಮನೆ ನಮ್ಮಲ್ಲಿಲ್ಲ. ಇರುವುದು ಬೇರೆಯವರ ಮನೆಯ ಬಾಗಿಲುಗಳು. ಅವನ್ನೇ ಒಂದೊಂದಾಗಿ ನೋಡೋಣ.

ಕನ್ನಡದ ಬಾಗಿಲುಗಳು

ಮೊದಲು ದೊಡ್ಡ ಕಥಾಸ್ಪರ್ಧೆಗಳು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ ದಶಕಗಳ ಇತಿಹಾಸವಿದೆ. ಕನ್ನಡದ ಎಷ್ಟೋ ಕಥೆಗಾರರ ಮೊದಲ ಗುರುತಿನ ಚೀಟಿ ಅದು. ಬೇರೆ ದಿನಪತ್ರಿಕೆಗಳೂ ಯುಗಾದಿ, ಸಂಕ್ರಾಂತಿ, ದೀಪಾವಳಿಗೆ ಆಗಾಗ ಸ್ಪರ್ಧೆ ನಡೆಸುತ್ತವೆ. ಬುಕ್ ಬ್ರಹ್ಮ ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಕಥಾಸ್ಪರ್ಧೆ ಮಾಡುತ್ತದೆ. ಕರೆ ಹಬ್ಬಕ್ಕಿಂತ ತಿಂಗಳುಗಳ ಮೊದಲೇ ಬರುತ್ತದೆ ಎಂಬುದನ್ನು ಹೊರನಾಡಿನ ನಾವು ನೆನಪಿಡಬೇಕು. ಹಬ್ಬದ ವಾತಾವರಣ ಬಂದಾಗ ಹುಡುಕಿದರೆ ಸಿಗುವುದು ಫಲಿತಾಂಶ ಮಾತ್ರ. ದೀಪಾವಳಿಯದ್ದನ್ನು ಮಳೆಗಾಲದ ಶುರುವಿನಿಂದಲೇ ಗಮನಿಸಬೇಕು.

ಕಥಾಸಂಕಲನಕ್ಕಾಗುವಷ್ಟು ಕಥೆಗಳಿದ್ದರೆ ಛಂದ ಪುಸ್ತಕದ ಹಸ್ತಪ್ರತಿ ಸ್ಪರ್ಧೆ ಇದೆ. ಇನ್ನೂ ಸಂಕಲನ ತರದ ಹೊಸಬರಿಗಾಗಿ ವಸುಧೇಂದ್ರ ನಡೆಸಿಕೊಂಡು ಬಂದಿರುವಂಥದ್ದು. ಟೋಟೋ ಪುರಸ್ಕಾರ ಕನ್ನಡದ ಸೃಜನಶೀಲ ಬರವಣಿಗೆಗೂ ಇದೆ, ಆದರೆ ಮೂವತ್ತು ತುಂಬದವರಿಗೆ ಮಾತ್ರ. ನಲವತ್ತರ ಹೊಸ್ತಿಲಲ್ಲಿರುವ ನಾನು ಅದರ ಪ್ರಕಟಣೆಯನ್ನು ತಂಗಿಯ ಮಗನಿಗೆ ಫಾರ್ವರ್ಡ್ ಮಾಡಿ ಸುಮ್ಮನಾಗುತ್ತೇನೆ.

ಸ್ಪರ್ಧೆಯಾಚೆ, ಬಿಡಿಕಥೆಗಳಿಗೆ ಸುಧಾ, ಮಯೂರ, ತರಂಗ, ತುಷಾರದಂಥ ಪತ್ರಿಕೆಗಳೂ ಭಾನುವಾರದ ಪುರವಣಿಗಳೂ ಇವೆ. ಜಾಲದಲ್ಲಿ ಕೆಂಡಸಂಪಿಗೆಯಂಥ ತಾಣಗಳಿವೆ. ಮಕ್ಕಳಿಗಾಗಿ ಬರೆಯುವವರು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ವನ್ನು ಮರೆಯಬಾರದು.

ನಿಯಮಗಳಲ್ಲಿ ಮೂರು ಮಾತು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕಥೆಯ ಪುಟದಲ್ಲಿ ಹೆಸರು ಇರಕೂಡದು, ಅದು ಬೇರೆ ಹಾಳೆಯಲ್ಲಿ. ಪದಮಿತಿ ಮೀರಕೂಡದು. ಎಲ್ಲೂ ಪ್ರಕಟವಾಗಿರಕೂಡದು. ಈ ಮೂರನೆಯದರಲ್ಲೇ ಹೆಚ್ಚು ಜನ ಸಿಕ್ಕಿಬೀಳುವುದು. ಫೇಸ್‌ಬುಕ್ ಗೋಡೆಯ ಮೇಲೆ, ಬ್ಲಾಗಿನಲ್ಲಿ, ಪ್ರತಿಲಿಪಿಯಲ್ಲಿ ಹಾಕಿದ ಕಥೆಯೂ ಪ್ರಕಟಿತ ಕಥೆಯೇ ಎಂದು ಅನೇಕ ಆಯೋಜಕರು ಲೆಕ್ಕ ಹಾಕುತ್ತಾರೆ. ನೂರು ಲೈಕಿಗೆ ಕಥೆಯನ್ನು ಖರ್ಚು ಮಾಡುವ ಮುನ್ನ ಅದು ಇನ್ನೆಲ್ಲಿಗೆ ಹೋಗಬಹುದಿತ್ತು ಎಂದು ಯೋಚಿಸುವುದು ಒಳ್ಳೆಯದು.

ಹಣೆಪಟ್ಟಿಯ ಪ್ರಶ್ನೆ

ಈಗ ನನ್ನದೇ ಒಂದು ಅನುಭವ. ಕಬ್ಬಿನ ಗದ್ದೆಯ ಚಿರತೆಗಳನ್ನು ಗುರುತಿಸುವ ಕ್ಯಾಮೆರಾ ವ್ಯವಸ್ಥೆಯೊಂದರ ಕುರಿತು ಕಥೆ ಬರೆದಿದ್ದೆ. ಬೀಡ್ ಕಡೆಯಿಂದ ಕಬ್ಬು ಕಡಿಯಲು ಬಂದ ಕುಟುಂಬ, ಗದ್ದೆಯಂಚಿನ ಜೋಪಡಿ, ತೆವಳುವ ಮಗು. ಚಿರತೆಯನ್ನು ಕತ್ತಲಲ್ಲೂ ಗುರುತಿಸುವ ಯಂತ್ರಕ್ಕೆ ಆ ಮಗು ಏನೆಂದು ತಿಳಿಯದು, ಏಕೆಂದರೆ ಅದಕ್ಕೆ ಕಲಿಸಲು ಕೊಟ್ಟ ಲಕ್ಷಾಂತರ ಚಿತ್ರಗಳಲ್ಲಿ ಅಂಥ ಮಗುವಿನ ಚಿತ್ರ ಒಂದೂ ಇರಲಿಲ್ಲ. ಇದಿಷ್ಟು ಕಥೆ. ಶೀರ್ಷಿಕೆಯ ಕೆಳಗೆ 'ವೈಜ್ಞಾನಿಕ ಕಥೆ' ಎಂದು ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಉತ್ತರವೇನೋ ಬಂತು. ವಿಷಯ ಚೆನ್ನಾಗಿದೆ, ಇದನ್ನು ವಿಜ್ಞಾನ ಪುಟಕ್ಕೆ ಲೇಖನವಾಗಿ ಬರೆದುಕೊಡಿ ಎಂದು!

ಆರು ತಿಂಗಳ ಬಳಿಕ ಅದೇ ಕಥೆಯನ್ನು, ಒಂದು ಅಕ್ಷರವೂ ಬದಲಿಸದೆ, ಆ ಎರಡು ಪದಗಳನ್ನು ಮಾತ್ರ ತೆಗೆದು ಇನ್ನೊಂದು ಕಡೆಗೆ ಕಳಿಸಿದೆ. ವಿಶೇಷಾಂಕದಲ್ಲಿ ಅಚ್ಚಾಯಿತು. ಓದಿದವರು ವಲಸೆ ಕಾರ್ಮಿಕರ ಕಥೆ ಎಂದು ಮೆಚ್ಚಿದರು. ನನಗೆ ಸಂತೋಷವೇ ಆಯಿತು, ಅದು ವಲಸೆಯ ಕಥೆಯೂ ಹೌದಲ್ಲ. ನಾವೂ ಒಂದು ಬಗೆಯಲ್ಲಿ ವಲಸೆ ಬಂದವರೇ, ಕೈಯಲ್ಲಿ ಕೊಯ್ತದ ಬದಲು ಲ್ಯಾಪ್‌ಟಾಪ್ ಅಷ್ಟೇ.

ಹಾಗಾಗಿ ಗೆಳೆಯರಿಗೆ ನಾನು ಹೇಳುವ ಮೊದಲ ಮಾತು: ಕನ್ನಡದ ಸಾಮಾನ್ಯ ಸ್ಪರ್ಧೆಗೆ ಕಳಿಸುವಾಗ ಹಣೆಪಟ್ಟಿ ಬೇಡ. ತೀರ್ಪುಗಾರರು ಬಹುತೇಕ ಕವಿಗಳು, ಕಥೆಗಾರರು, ಸಾಹಿತ್ಯದ ಮೇಷ್ಟ್ರುಗಳು. ಅವರು ಮೊದಲು ಹುಡುಕುವುದು ಮನುಷ್ಯರನ್ನು. ಮೊದಲ ಪುಟದಲ್ಲಿ ಯಂತ್ರದ ವರ್ಣನೆ ಬೇಡ, ಆ ಯಂತ್ರದಿಂದ ಯಾರ ಬದುಕು ಅಲುಗಾಡುತ್ತದೆ ಎಂಬುದಿರಲಿ. 'ಅಲ್ಗಾರಿದಮ್' ಬಂದೇ ಬರಬೇಕಾದರೆ ಅಡುಗೆಮನೆಯಲ್ಲಿ ಕೂತ ಅತ್ತೆಗೆ ಹೇಳುವ ಹಾಗೆ ಬರಲಿ.

ಇಂಗ್ಲಿಷಿನ ದಾರಿ

ಹೊರಗಿನ ಮಾರುಕಟ್ಟೆಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಹಣೆಪಟ್ಟಿಯೇ ಟಿಕೆಟ್ಟು. 'ರೈಟರ್ಸ್ ಆಫ್ ದಿ ಫ್ಯೂಚರ್' ಎಂಬ ಸ್ಪರ್ಧೆ 1983ರಿಂದ ನಡೆಯುತ್ತಿದೆ. ಇನ್ನೂ ವೃತ್ತಿಪರರಾಗದ ಬರಹಗಾರರಿಗೆ, ಯಾವ ದೇಶದವರಿಗೂ, ಪ್ರವೇಶ ಶುಲ್ಕವಿಲ್ಲದೆ, ವರ್ಷಕ್ಕೆ ನಾಲ್ಕು ಸಲ. ಪ್ರತಿ ಸುತ್ತಿನ ಮೊದಲ ಬಹುಮಾನ 1000 ಡಾಲರ್. ಪತ್ರಿಕೆಗಳಲ್ಲಿ ಕ್ಲಾರ್ಕ್ಸ್‌ವರ್ಲ್ಡ್, ಸ್ಟ್ರೇಂಜ್ ಹೊರೈಜನ್ಸ್, ಅಸಿಮೋವ್ಸ್, ಅನಲಾಗ್ ಪ್ರಸಿದ್ಧವಾದವು. ಅಮೆರಿಕದ ವಿಜ್ಞಾನ ಕಥೆಗಾರರ ಸಂಘ ವೃತ್ತಿಪರ ದರವೆಂದು 2019ರಲ್ಲಿ ಗೊತ್ತುಮಾಡಿದ್ದು ಪದಕ್ಕೆ 8 ಸೆಂಟ್. ಅಂದರೆ 4000 ಪದಗಳ ಕಥೆಗೆ 320 ಡಾಲರ್. ಯಾವ ಪತ್ರಿಕೆ ಯಾವಾಗ ತೆರೆದಿರುತ್ತದೆ, ಎಷ್ಟು ದಿನದಲ್ಲಿ ಉತ್ತರ ಕೊಡುತ್ತದೆ ಎಂಬುದನ್ನು 'ಸಬ್ಮಿಷನ್ ಗ್ರೈಂಡರ್' ಎಂಬ ತಾಣ ಉಚಿತವಾಗಿ ತೋರಿಸುತ್ತದೆ.

ನಮಗೆ ಎಲ್ಲಕ್ಕಿಂತ ಹತ್ತಿರದ ಬಾಗಿಲು ಮಾತ್ರ ಬೇರೆ. ಸ್ಟ್ರೇಂಜ್ ಹೊರೈಜನ್ಸ್ ಬಳಗದವರು 2017ರಲ್ಲಿ ಶುರುಮಾಡಿದ 'ಸಮೋವಾರ್' ಅನುವಾದಿತ ಕಥೆಗಳಿಗೇ ಮೀಸಲು. ಇಂಗ್ಲಿಷ್ ಅನುವಾದದ ಜೊತೆಗೆ ಮೂಲ ಭಾಷೆಯ ಪಠ್ಯವನ್ನೂ ಪ್ರಕಟಿಸುವುದು ಅದರ ವಿಶೇಷ. ಕನ್ನಡ ಲಿಪಿಯಲ್ಲೇ ನಮ್ಮ ಕಥೆ ಜಗತ್ತಿನ ಓದುಗರ ಮುಂದೆ ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಅನುವಾದಿಸುವಾಗ ಪದಮಿತಿಯ ಮೇಲೆ ಕಣ್ಣಿರಲಿ. ನಮ್ಮ 'ಹೋಗಬೇಕಾಗಿತ್ತೇನೋ' ಒಂದೇ ಪದ, ಇಂಗ್ಲಿಷಿಗೆ ಹೋದರೆ ನಾಲ್ಕೈದಾಗುತ್ತದೆ.

ಎರಡು ಎಚ್ಚರಿಕೆಗಳು. ಒಂದು, ಕೃತಕ ಬುದ್ಧಿಮತ್ತೆಯ ಸಹವಾಸ. 2023ರ ಫೆಬ್ರುವರಿಯಲ್ಲಿ ಯಂತ್ರ ಬರೆದ ಕಥೆಗಳು ಪ್ರವಾಹದಂತೆ ನುಗ್ಗಿ ಕ್ಲಾರ್ಕ್ಸ್‌ವರ್ಲ್ಡ್ ಕೆಲಕಾಲ ಬಾಗಿಲನ್ನೇ ಮುಚ್ಚಬೇಕಾಯಿತು. ಹಾಗೆ ಬರೆಸಿದ ಕಥೆಯನ್ನು ಇಂಥ ಪತ್ರಿಕೆಗಳು ತೆಗೆದುಕೊಳ್ಳುವುದಿಲ್ಲ. ಅನುವಾದವನ್ನೂ ಯಂತ್ರಕ್ಕೆ ಬಿಡುವ ಮುನ್ನ ನಿಯಮ ಓದಿ. ಎರಡು, ಹಣ. ಬರಹಗಾರರಲ್ಲಿ ಹಳೆಯದೊಂದು ಸೂತ್ರವಿದೆ: ಹಣ ಹರಿಯಬೇಕಾದ್ದು ಲೇಖಕನ ಕಡೆಗೆ. ಸಂಕಲನದಲ್ಲಿ ನಿಮ್ಮ ಕಥೆ ಸೇರಿಸುತ್ತೇವೆ, ಇಷ್ಟು ಪ್ರತಿ ಕೊಳ್ಳಿ, ಪ್ರಮಾಣಪತ್ರಕ್ಕೆ ಇಷ್ಟು, ಶಾಲಿಗೆ ಇಷ್ಟು ಎಂದು ವಾಟ್ಸಾಪಿನಲ್ಲಿ ಬರುವ ಕರೆಗಳು ಬಹಳ. ಅದು ಸ್ಪರ್ಧೆಯಲ್ಲ, ನಾವೇ ಗಿರಾಕಿ ಆಗುವ ವ್ಯಾಪಾರ.

ನಾನು ಇದನ್ನೆಲ್ಲ ಆಫೀಸಿನ ಟಿಕೆಟ್ ಪಟ್ಟಿಯಂತೆ ಒಂದು ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದೇನೆ. ಕಥೆಯ ಹೆಸರು, ಕಳಿಸಿದ ಜಾಗ, ತಾರೀಕು, ಏಕಕಾಲದಲ್ಲಿ ಬೇರೆಡೆ ಕಳಿಸಬಹುದೇ, ಉತ್ತರ. ಒಂದು ಕಥೆ ವಾಪಸ್ ಬಂದ ದಿನವೇ ಮುಂದಿನ ವಿಳಾಸಕ್ಕೆ ಹೊರಡಬೇಕು. ಅದು ಹೋದ ಮೇಲೆ ಹೊಸದನ್ನು ಶುರುಮಾಡಬೇಕು. ನಿರಾಕರಣೆ ಎಂಬುದು ಕ್ಲೋಸ್ ಆದ ಟಿಕೆಟ್ ಅಲ್ಲ, ರೀ-ಅಸೈನ್ ಆದದ್ದು.

ನಮ್ಮದೇ ಒಂದು ಮನೆ

ಇಷ್ಟೆಲ್ಲ ಬಾಗಿಲುಗಳಿರುವಾಗ ಕೊರಗು ಯಾಕೆ ಎನ್ನಬಹುದು. ಕೊರಗು ಇಲ್ಲಿದೆ. ಹಣೆಪಟ್ಟಿ ತೆಗೆದು ಒಳಗೆ ನುಸುಳಿದ ಕಥೆ ಪ್ರಕಟವೇನೋ ಆಗುತ್ತದೆ, ಆದರೆ ಅಂಥದ್ದನ್ನೇ ಹುಡುಕುವ ಓದುಗನಿಗೆ ಸಿಗುವುದಿಲ್ಲ. ಇನ್ನೊಬ್ಬ ಬರಹಗಾರನಿಗೆ "ಓಹೋ, ಕನ್ನಡದಲ್ಲಿ ಹೀಗೂ ಬರೆಯಬಹುದಾ" ಎಂಬ ಧೈರ್ಯ ಕೊಡುವುದಿಲ್ಲ. ಇಂಗ್ಲಿಷಿಗೆ ಹೋದ ಕಥೆಗೆ ಡಾಲರ್ ಬರುತ್ತದೆ, ಅದು ಕನ್ನಡದ ಓದುಗನ ಕೈಗೆ ಬರುವುದಿಲ್ಲ. ನನ್ನ ಮಗಳು ಈಗಾಗಲೇ ಮಂಗಳಗ್ರಹವನ್ನು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಕಲ್ಪಿಸಿಕೊಳ್ಳುತ್ತಾಳೆ. ಕನ್ನಡ ಅವಳಿಗೆ ಅಜ್ಜಿಯ ಭಾಷೆ, ಹಬ್ಬದ ಭಾಷೆ, ಹಿಂದಿನದರ ಭಾಷೆ. ಮುಂದೆ ಆಗುವುದನ್ನು ಹೇಳಲು ಬಳಸದ ಭಾಷೆ ಮಕ್ಕಳ ಪಾಲಿಗೆ ಹಾಗೆಯೇ ಹಿಂದೆ ಉಳಿದುಬಿಡುತ್ತದೆ.

ಒಂದೇ ಒಂದು ಮನೆ ಎಷ್ಟು ಮಾಡಬಲ್ಲದು ಎಂಬುದಕ್ಕೆ ಉದಾಹರಣೆಗಳಿವೆ. ಬಂಗಾಳಿಯಲ್ಲಿ ಅದ್ರೀಶ ಬರ್ಧನ್ 1963ರಲ್ಲಿ ವಿಜ್ಞಾನ ಕಥೆಗಳಿಗೆಂದೇ 'ಆಶ್ಚರ್ಯ' ಪತ್ರಿಕೆ ತೆಗೆದರು. ಚೀನಾದ ಚೆಂಗ್ಡು ನಗರದಲ್ಲಿ 1979ರಲ್ಲಿ ಹುಟ್ಟಿದ ಪತ್ರಿಕೆಯೊಂದರಲ್ಲಿ 2006ರಲ್ಲಿ ಲಿಯು ಸಿಕ್ಸಿನ್ ಅವರ 'ತ್ರೀ ಬಾಡಿ' ಧಾರಾವಾಹಿಯಾಗಿ ಬಂತು. ಅವರು ಆಗ ವಿದ್ಯುತ್ ಸ್ಥಾವರದ ಎಂಜಿನಿಯರ್. ಕೆನ್ ಲಿಯು ಅನುವಾದಿಸಿದ ಅದೇ ಕಾದಂಬರಿಗೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಸಿಕ್ಕಿತು. ಮೊದಲು ತನ್ನ ಭಾಷೆಯಲ್ಲಿ ಮನೆ, ಆಮೇಲೆ ಜಗತ್ತು.

ಕುಂತಲೀನ್ ಸ್ಪರ್ಧೆ ಹೇಳಿಕೊಡುವುದೂ ಅದನ್ನೇ. ದೊಡ್ಡ ಅಕಾಡೆಮಿಯೇ ಬೇಕೆಂದಿಲ್ಲ, ಕೇಶತೈಲ ಮಾರುವವರೂ ಆಗಬಹುದು. ಪುಣೆ, ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುತ್ತವೆ, ಕರೆಸಲಿ. ಆ ಖರ್ಚಿನ ಒಂದು ಮೂಲೆಯನ್ನು ಕನ್ನಡ ವಿಜ್ಞಾನ ಕಥಾಸ್ಪರ್ಧೆಗೆ ತೆಗೆದಿಟ್ಟರೆ ಸಾಕು. ಬೇಕಾದದ್ದು ನಾಲ್ಕೇ: ಪ್ರತಿ ವರ್ಷ ಬದಲಾಗದ ಒಂದು ಕೊನೆಯ ದಿನಾಂಕ, ಹೆಸರು ಮುಚ್ಚಿದ ಹಸ್ತಪ್ರತಿ, ಒಬ್ಬರು ಸಾಹಿತಿ ಒಬ್ಬರು ವಿಜ್ಞಾನಿ ಕೂಡಿದ ತೀರ್ಪುಗಾರರ ಜೋಡಿ, ಗೆದ್ದ ಕಥೆ ಅಚ್ಚಾಗುವ ಭರವಸೆ. ಬಹುಮಾನದ ಮೊತ್ತ ಐದನೆಯ ಮಾತು.

ಈ ಪತ್ರಿಕೆಯ ಸಂಪಾದಕರ ಮುಂದೆ ಇದನ್ನೇ ಇಟ್ಟಿದ್ದೇನೆ. ಮೊದಲ ವರ್ಷದ ಬಹುಮಾನಕ್ಕೆ ನಾವು ನಾಲ್ವರು ಗೆಳೆಯರು ಸೇರಿ ಹಣ ಕೂಡಿಸುತ್ತೇವೆ, ಬಂದ ಕಥೆಗಳ ಮೊದಲ ಓದೂ ನಮ್ಮದೇ. ಹಾಗಾಗಿ ನಾವು ನಾಲ್ವರೂ ಸ್ಪರ್ಧಿಸುವಂತಿಲ್ಲ, ಅದಕ್ಕೆ ತಯಾರಿದ್ದೇವೆ. ಅವರು ಒಪ್ಪಿದರೆ ಪ್ರಕಟಣೆ ಇದೇ ಪುಟಗಳಲ್ಲಿ ಬರುತ್ತದೆ. ಅಲ್ಲಿಯವರೆಗೆ ನಿಮ್ಮ ಲ್ಯಾಪ್‌ಟಾಪಿನ ಆ ಹಳೆಯ ಫೈಲನ್ನು ತೆರೆದು, ಮೊದಲ ಪುಟದಲ್ಲಿ ಮನುಷ್ಯರಿದ್ದಾರೋ ಇಲ್ಲವೋ ಒಮ್ಮೆ ನೋಡಿಕೊಳ್ಳಿ.